ಸಹಾಯ ಬೇಕು: ಈ ಹಳೇ ಚಿತ್ರ 1751ರದ್ದಾ, ಆಮೇಲಿನದಾ?

ಹೋದ ಶುಕ್ರವಾರ ಮುಂಬೈ ಚೋರ್ ಬಜಾರಿನಲ್ಲಿ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್‌ನ ‘ಜಿನ್ ಲೇನ್’ ಅಚ್ಚುಚಿತ್ರ ಸಿಕ್ಕಿತು. ಲಂಡನ್ ಜನರಿಗೆ ಜಿನ್ ಕುಡಿತದ ಕೇಡು ತೋರಿಸಲು ಮಾಡಿದ ಚಿತ್ರ. ಕಾಲಿನ ತುಂಬ ಹುಣ್ಣಿರುವ ತಾಯಿ ನಶ್ಯ ತೆಗೆಯುತ್ತಿದ್ದಾಳೆ, ಮಗು ಕೈಜಾರಿ ಕೆಳಗೆ ಬೀಳುತ್ತಿದೆ. ಗೋಡೆಗೆ ಹಾಕಲು ಮನೆಯಲ್ಲಿ ಯಾರೂ ಒಪ್ಪಿಲ್ಲ ಬಿಡಿ!

ಭೂತಗನ್ನಡಿ ಹಿಡಿದು ನೋಡಿದೆ. ಈಗಿನ ಮುದ್ರಣದಲ್ಲಿರುವಂಥ ಚುಕ್ಕಿಗಳಿಲ್ಲ, ಬರೀ ಗೆರೆ. ಅಂಚಿನಲ್ಲಿ, ಚಿತ್ರ ಕೊರೆದ ತಾಮ್ರದ ತಗಡು ಒತ್ತಿದ ಗುರುತೂ ಇದೆ. ಆದರೆ ಬೆಳಕಿಗೆ ಹಿಡಿದರೆ ಆ ಕಾಲದ ಕಾಗದದಲ್ಲಿರುವ ಸಾಲು ಸಾಲು ಗೆರೆ ಕಾಣುತ್ತಿಲ್ಲ. ಅಂಗಡಿಯವನು ‘ಕೆಳಗೆ 1751 ಅಂತ ಇದೆಯಲ್ಲ’ ಅನ್ನುತ್ತಾನೆ. 1764ರಲ್ಲಿ ಹೋಗಾರ್ತ್ ಸತ್ತ ಮೇಲೂ ಅದೇ ತಗಡಿನಿಂದ ಅಚ್ಚು ಹಾಕಿದ್ದಾರೆ, ಅಲ್ವಾ? ಇಸವಿ ನಂಬೋದು ಹೇಗೆ?

ಕಾಗದ ಒಂದನ್ನೇ ನೋಡಿ ಇದು ಆಮೇಲಿನ ಅಚ್ಚು ಅಂತ ಖಚಿತವಾಗಿ ಹೇಳಬಹುದಾ? ಇಲ್ಲವಾದರೆ ಇನ್ನೇನು ನೋಡಬೇಕು?