ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಕಾರಿಲ್ಲದೆ, ಬಸ್ಸು ರೈಲು ನಂಬಿಕೊಂಡು ಕಾಡು ಸುತ್ತಬಹುದಾ?

ಕಾಲ್ನಡಿಗೆ ಕೇಳಿದ್ದು:

ಸೆಪ್ಟೆಂಬರ್ ಮೊದಲ ವಾರ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ಗೆ ಹೋಗುತ್ತಿದ್ದೇವೆ. ನಾನು, ನನ್ನ ಹೆಂಡತಿ, ಜೊತೆಗೆ ಅಮ್ಮ. ನಮಗೆ ಅಲ್ಲಿ ಕಾರು ಓಡಿಸುವ ಯೋಚನೆಯೇ ಇಲ್ಲ. ಕಾಡಲ್ಲಿ ನಡೆಯಬೇಕು ಅನ್ನೋದಷ್ಟೇ ಆಸೆ. ಆದರೆ ಎಲ್ಲಿ ಓದಿದರೂ ಕಾರು ಇದ್ದರೆ ಅನುಕೂಲ, ಪಾರ್ಕಿಂಗ್ ಇಂಥ ಕಡೆ ಇದೆ ಅಂತಲೇ ಬರೆದಿದ್ದಾರೆ, ಬಸ್ ಬಗ್ಗೆ ಒಂದು ಸಾಲೂ ಸಿಗುತ್ತಿಲ್ಲ. ಅಮ್ಮ ಎಂಟು ಹತ್ತು ಕಿಮೀ ಆರಾಮಾಗಿ ನಡೆಯುತ್ತಾರೆ, ಕಡಿದಾದ ಏರು ಮಾತ್ರ ಆಗುವುದಿಲ್ಲ. ಫ್ರೈಬುರ್ಗ್ ನಗರದಲ್ಲಿ ಉಳಿಯಬೇಕೋ, ಮೇಲೆ ಕೆರೆ ದಂಡೆಯ ಟಿಟಿಸೀ ಊರಿನ ಕಡೆಗೋ? ಸಂಜೆ ಕೊನೇ ಬಸ್ ತಪ್ಪಿಹೋಗಿ ಕಾಡಿನ ಅಂಚಲ್ಲಿ ನಿಂತುಬಿಟ್ಟರೆ ಏನು ಮಾಡೋದು? ನಿಜ ಹೇಳಬೇಕೆಂದರೆ ಇದೇ ದೊಡ್ಡ ಭಯ.

ಕೆಂಪು ವಜ್ರ ಉತ್ತರ:

ಖಂಡಿತ ಆಗುತ್ತದೆ, ಮತ್ತು ಕಾರಿಗಿಂತ ಚೆನ್ನಾಗಿಯೇ ಆಗುತ್ತದೆ. ಕಾರು ತಂದವರು ನಡೆದ ಮೇಲೆ ಮತ್ತೆ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು, ಅಲ್ವಾ? ನಿಮಗೆ ಆ ಕಟ್ಟುಪಾಡಿಲ್ಲ. ಒಂದು ಕಣಿವೆಯಲ್ಲಿ ಬಸ್ ಇಳಿದು, ನಡೆದು, ಇನ್ನೊಂದು ಕಣಿವೆಯಲ್ಲಿ ಬಸ್ಸೋ ರೈಲೋ ಹತ್ತಬಹುದು.

ಕೊನೇ ಬಸ್ಸಿನ ಭಯಕ್ಕೆ ಪರಿಹಾರ ಇದೆ. ಬೆಳಿಗ್ಗೆ ಬಸ್ಸಲ್ಲಿ ದೂರದ ತುದಿಗೆ ಹೋಗಿ, ಅಲ್ಲಿಂದ ರೈಲು ನಿಲ್ದಾಣದ ಕಡೆಗೆ ನಡೆದು ಬನ್ನಿ. ಹೆಚ್ಚಿನವರು ಉಲ್ಟಾ ಯೋಚನೆ ಮಾಡುತ್ತಾರೆ, ನಿಲ್ದಾಣದಿಂದ ನಡೆಯಲು ಶುರು ಮಾಡಿ ಸಂಜೆ ಯಾವುದೋ ಹಳ್ಳಿಯ ನಿಲುಗಡೆಯಲ್ಲಿ ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಬಸ್ ಕಡಿಮೆ ಇರುವ ಕಡೆ ಬೆಳಿಗ್ಗೆ ಇರಬೇಕು, ರೈಲು ಜಾಸ್ತಿ ಇರುವ ಕಡೆ ಸಂಜೆ ಇರಬೇಕು. ಫ್ರೈಬುರ್ಗ್‌ನಿಂದ ಹಿಂಟರ್‌ತ್ಸಾರ್ಟನ್, ಟಿಟಿಸೀ ಕಡೆಗೆ ಹೋಗುವ ಹ್ಯೋಲನ್‌ಟಾಲ್ ಮಾರ್ಗದಲ್ಲಿ ಹಗಲಿಡೀ ಸುಮಾರು ಅರ್ಧ ಗಂಟೆಗೊಂದು ರೈಲು ಇರುತ್ತದೆ. ಒಂದು ತಪ್ಪಿದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಉದಾಹರಣೆಗೆ ಫೆಲ್ಡ್‌ಬೆರ್ಗ್. 1493 ಮೀಟರ್, ಆ ಸೀಮೆಗೆಲ್ಲ ಅದೇ ಎತ್ತರದ ಬೆಟ್ಟ. ಅಮ್ಮನ ಜೊತೆ ಕೆಳಗಿಂದ ಹತ್ತೋದು ಬೇಡ. ಟಿಟಿಸೀ ನಿಲ್ದಾಣದ ಮುಂದೆಯೇ 7300 ನಂಬರಿನ ಬಸ್ ಸಿಗುತ್ತದೆ, ಟೋಟ್‌ನಾವ್ ಕಡೆಗೆ ಹೋಗುವುದು. ಅದರಲ್ಲಿ ಫೆಲ್ಡ್‌ಬೆರ್ಗ್ ಕಣಿವೆದಾರಿಯ ಮೇಲೆ ಇಳಿದರೆ ಎತ್ತರದ ಬಹುಪಾಲು ಬಸ್ಸೇ ಹತ್ತಿಸಿರುತ್ತದೆ. ಅಲ್ಲಿಂದ ಜೇಬುಕ್ ಶಿಖರಕ್ಕೆ ಕೇಬಲ್ ಕಾರ್ ಇದೆ, ಬೇಕಾದರೆ ಅದರಲ್ಲಿ ಹೋಗಿ ನೋಡಿ ಬನ್ನಿ. ಆಮೇಲೆ ಫೆಲ್ಡ್‌ಜೀ ಅನ್ನುವ ಕೆರೆಗೆ ಇಳಿಯಿರಿ. ಹಿಮನದಿ ಕೊರೆದ ಬಟ್ಟಲಲ್ಲಿ ನಿಂತ ನೀರು ಅದು, ಮೂರು ಕಡೆ ಬಂಡೆ, ಸುತ್ತಲೂ ಕಾಡು, ಅಲ್ಲಿ ಸ್ವಲ್ಪ ಹೊತ್ತು ಕೂತೇ ಬನ್ನಿ. ಸಂರಕ್ಷಿತ ಜಾಗವಾದ್ದರಿಂದ ನೀರಿಗಿಳಿಯುವಂತಿಲ್ಲ. ಅದಾದ ಮೇಲೆ ದಾರಿ ಮೆತ್ತಗೆ ಇಳಿಯುತ್ತಾ ಟಿಟಿಸೀಗೆ ಬರುತ್ತದೆ. ಒಟ್ಟು ಹತ್ತು ಹನ್ನೆರಡು ಕಿಮೀ. ಅಮ್ಮನಿಗೆ ಸುಸ್ತಾದರೆ ಟಿಟಿಸೀವರೆಗೆ ಬರಬೇಕಾಗಿಲ್ಲ, ನಡುವೆ ಬೇರೆನ್‌ಟಾಲ್ ಕಡೆಗೆ ತಿರುಗಿ, ಅಲ್ಲೂ ರೈಲು ನಿಲ್ದಾಣ ಇದೆ. ಕೆರೆಗೆ ಇಳಿಯುವ ಮೊದಲ ತುಂಡು ಮಾತ್ರ ಕಡಿದು, ಕೋಲು ಇದ್ದರೆ ಮೊಣಕಾಲಿಗೆ ಒಳ್ಳೆಯದು.

ದಾರಿ ತಪ್ಪುವ ಚಿಂತೆ ಬೇಡ. 1864ರಲ್ಲಿ ಶುರುವಾದ ಶ್ವಾರ್ಟ್ಸ್‌ವಾಲ್ಡ್‌ಫೆರೈನ್ ಅನ್ನುವ ಚಾರಣಿಗರ ಸಂಘ ಇವತ್ತಿಗೂ ಗುರುತುಗಳನ್ನು ನೋಡಿಕೊಳ್ಳುತ್ತದೆ. ಹಳದಿ ವಜ್ರಾಕೃತಿ ಅಂದರೆ ಊರಿನ ಸುತ್ತಲಿನ ದಾರಿ, ನೀಲಿ ಅಂದರೆ ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋಗುವ ದಾರಿ. ಕೆಂಪು ವಜ್ರ ವೆಸ್ಟ್‌ವೇಗ್‌ನದು, 1900ರಲ್ಲಿ ಮಾಡಿದ ದಾರಿ, ಫೋರ್ಟ್ಸ್‌ಹೈಮ್‌ನಿಂದ ಬಾಸೆಲ್‌ವರೆಗೆ ಸುಮಾರು 285 ಕಿಮೀ. ಕೂಡುದಾರಿಗಳ ಫಲಕದಲ್ಲಿ ದೂರ ಕಿಮೀನಲ್ಲಿ ಇರುತ್ತದೆ. ಗಂಟೆಗೆ ಮೂರು ಕಿಮೀ ಅಂತ ಲೆಕ್ಕ ಹಾಕಿಕೊಳ್ಳಿ, ಊಟ, ಫೋಟೋ ಎಲ್ಲಾ ಅದರಲ್ಲೇ ಬರಲಿ.

ವೇಳಾಪಟ್ಟಿ ಉತ್ತರ:

ಮೇಲಿನವರು ಹೇಳಿದ್ದು ಸರಿ. ನೀವು ಸೆಪ್ಟೆಂಬರ್ ಮೊದಲ ವಾರ ಅಂದಿರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. ಅಂದರೆ ನೀವು ಹೋದಾಗ ಶಾಲೆ ಇರುವುದಿಲ್ಲ. ಹಳ್ಳಿಗಳ ಬಸ್ಸುಗಳಲ್ಲಿ ಎಷ್ಟೋ ಶಾಲಾ ಮಕ್ಕಳಿಗಾಗಿಯೇ ಓಡುವಂಥವು. ನಿಲುಗಡೆಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ಆ ಸಮಯದ ಪಕ್ಕ ಎಸ್ ಅಂತ ಸಣ್ಣ ಅಕ್ಷರ ಇರಬಹುದು, ಕೆಳಗೆ ಅಡಿಟಿಪ್ಪಣಿಯಲ್ಲಿ ಶೂಲ್‌ಟಾಗ್ ಅಂತ ಬರೆದಿದ್ದರೆ ಶಾಲೆ ಇರುವ ದಿನ ಮಾತ್ರ ಅಂತ ಅರ್ಥ. ಪಟ್ಟಿಯಲ್ಲಿ ಮಧ್ಯಾಹ್ನ ನಾಲ್ಕು ಬಸ್ ಕಂಡು ಖುಷಿಯಾಗಬೇಡಿ, ಅದರಲ್ಲಿ ಮೂರು ನಿಮಗಲ್ಲದೇ ಇರಬಹುದು. ಶನಿವಾರ, ಭಾನುವಾರ, ಹಬ್ಬದ ದಿನಕ್ಕೆ ಬೇರೆ ಬೇರೆ ಕಾಲಂ.

ಇನ್ನೊಂದು ರೂಫ್‌ಬುಸ್. ಇದು ಪಟ್ಟಿಯಲ್ಲಿ ಮಾಮೂಲಿ ಬಸ್ಸಿನ ಹಾಗೇ ಕಾಣುತ್ತದೆ, ಆದರೆ ಮೊದಲೇ ಫೋನ್ ಮಾಡಿ ಹೇಳಿದರೆ ಮಾತ್ರ ಬರುತ್ತದೆ. ಎಷ್ಟು ಮೊದಲು ಅನ್ನೋದೂ ಫೋನ್ ನಂಬರೂ ಪಟ್ಟಿಯಲ್ಲೇ ಇರುತ್ತದೆ. ಜರ್ಮನ್ ಬಾರದಿದ್ದರೆ ಬೆಳಿಗ್ಗೆಯೇ ಹೋಟೆಲಿನವರ ಹತ್ತಿರ ಮಾಡಿಸಿಬಿಡಿ, ಸಾಮಾನ್ಯವಾಗಿ ಬೇಸರ ಇಲ್ಲದೆ ಮಾಡಿಕೊಡುತ್ತಾರೆ.

ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ನೀವು ಹೋಗುವ ತಾರೀಖನ್ನೇ ಹಾಕಿ ಹುಡುಕಿ, ಇವತ್ತಿನ ತಾರೀಖು ಹಾಕಿ ನೋಡಿದರೆ ಪ್ರಯೋಜನ ಇಲ್ಲ. ಸಿಕ್ಕಿದ್ದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗದೆ ಹೋಗಬಹುದು. ಆ ವಾರ ಸೂರ್ಯ ಮುಳುಗುವುದು ರಾತ್ರಿ ಎಂಟರ ಹೊತ್ತಿಗೆ. ಬೆಳಕು ಬೇಕಾದಷ್ಟು ಇರುತ್ತದೆ, ಬಸ್ ಮಾತ್ರ ಬೆಳಕಿಗಿಂತ ಮೊದಲೇ ನಿಂತುಹೋಗಿರಬಹುದು. ಹಾಗಾಗಿ ಆಕಾಶ ನೋಡಿಕೊಂಡು ನಿಧಾನ ಮಾಡಬೇಡಿ. ಕೊನೇ ಬಸ್ಸನ್ನು ನಿಮ್ಮ ಬಸ್ ಅಂದುಕೊಳ್ಳದೆ, ಅದರ ಹಿಂದಿನದನ್ನು ಅಂದುಕೊಳ್ಳಿ.

ರೈಲು ಮಾರ್ಗದಲ್ಲಿ ದುರಸ್ತಿ ಇದ್ದರೆ ಎಸ್‌ಇವಿ ಅಂತ ಬೋರ್ಡ್ ಹಾಕಿ ಬದಲಿ ಬಸ್ ಬಿಡುತ್ತಾರೆ. ಹೊರಡುವ ಹಿಂದಿನ ದಿನ ಒಮ್ಮೆ ನೋಡಿಬಿಡಿ.

ಊರ ಅತಿಥಿ ಉತ್ತರ:

ಉಳಿಯುವ ವಿಷಯ. ಊಟ, ಅಂಗಡಿ, ಸಂಜೆ ಓಡಾಟಕ್ಕೆ ಫ್ರೈಬುರ್ಗ್ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅಮ್ಮ ಜೊತೆಗಿದ್ದಾರೆ, ದಿನಾ ಬೆಳಿಗ್ಗೆ 40 ನಿಮಿಷ ರೈಲಲ್ಲಿ ಮೇಲೆ ಬಂದು ಮತ್ತೆ ಬಸ್ ಹಿಡಿಯುವುದಕ್ಕಿಂತ ಮೇಲೆಯೇ ಉಳಿಯುವುದು ವಾಸಿ. ನನ್ನ ಓಟು ಹಿಂಟರ್‌ತ್ಸಾರ್ಟನ್‌ಗೆ. ಟಿಟಿಸೀಯಲ್ಲಿ ಕೆರೆ ದಂಡೆ ತುಂಬಾ ಜನ, ಇಲ್ಲಿ ನಿಲ್ದಾಣದಿಂದ ಐದು ನಿಮಿಷಕ್ಕೆ ಮರಗಳ ನಡುವೆ ಇರುತ್ತೀರಿ. ಮೊದಲ ದಿನ ಸುಮ್ನೆ ಇಲ್ಲಿಂದ ಟಿಟಿಸೀವರೆಗೆ ನಡೆದು ಒಂದೇ ಸ್ಟೇಷನ್ ರೈಲಲ್ಲಿ ವಾಪಸ್ ಬಂದುಬಿಡಿ, ಅಮ್ಮನ ನಡಿಗೆಯ ಅಂದಾಜೂ ಸಿಗುತ್ತದೆ.

ಮೇಲೆ ಉಳಿಯುವುದಕ್ಕೆ ಇನ್ನೊಂದು ಕಾರಣ ಕೋನುಸ್ ಕಾರ್ಡ್. ಅಲ್ಲಿನ ಊರುಗಳಲ್ಲಿ ರಾತ್ರಿ ತಂಗುವವರು ಒಂದು ಸಣ್ಣ ಪ್ರವಾಸಿ ತೆರಿಗೆ ಕೊಡುತ್ತಾರೆ, ಅದಕ್ಕೆ ಬದಲಾಗಿ ಹೋಟೆಲಿನವರು ಈ ಅತಿಥಿ ಕಾರ್ಡ್ ಕೊಡುತ್ತಾರೆ. ಇದು ಇದ್ದರೆ ಬ್ಲ್ಯಾಕ್ ಫಾರೆಸ್ಟ್‌ನ ಬಸ್ಸುಗಳಲ್ಲೂ ಲೋಕಲ್ ರೈಲುಗಳಲ್ಲೂ ಉಚಿತ. ದೂರ ಓಡುವ ಐಸಿಇ, ಐಸಿ ರೈಲುಗಳಿಗೆ ನಡೆಯುವುದಿಲ್ಲ. ಎಲ್ಲಾ ಊರುಗಳೂ ಈ ವ್ಯವಸ್ಥೆಯಲ್ಲಿ ಇಲ್ಲ, ಬುಕ್ ಮಾಡುವ ಮೊದಲು ಕೋನುಸ್ ಕೊಡುತ್ತೀರಾ ಅಂತ ಒಂದು ಮೇಲ್ ಹಾಕಿ ಕೇಳಿ. ಕಾರ್ಡ್ ಸಿಗುವುದು ಹೋಟೆಲಿಗೆ ಹೋದ ಮೇಲೆ, ಆದ್ದರಿಂದ ಅಲ್ಲಿಗೆ ಹೋಗುವ ಟಿಕೆಟ್ ನಿಮ್ಮದೇ. ಇಡೀ ಜರ್ಮನಿಯ ಬಸ್ಸು, ಲೋಕಲ್ ರೈಲುಗಳಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ ಆಗಿದೆ, ಜರ್ಮನಿಯಲ್ಲಿ ಬೇರೆ ಕಡೆಯೂ ಜಾಸ್ತಿ ಓಡಾಡುವುದಿದ್ದರೆ ಮಾತ್ರ ಲಾಭ. ಅದು ಚಂದಾ ರೂಪದ್ದು, ಸಮಯಕ್ಕೆ ಸರಿಯಾಗಿ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ಹಣ ಹೋಗುತ್ತದೆ.

ಕಾಲ್ನಡಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಶಾಲಾ ರಜೆಯ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಹಿಂಟರ್‌ತ್ಸಾರ್ಟನ್‌ನಲ್ಲಿ ಜಾಗ ಹುಡುಕುತ್ತೇವೆ. ವೂಟಾಖ್ ಕಮರಿ ಚೆನ್ನಾಗಿದೆ ಅಂತ ಹೆಂಡತಿ ಹೇಳುತ್ತಿದ್ದಾಳೆ. ಅಲ್ಲಿಗೂ ಬಸ್ ಇದೆಯಾ? ಅಮ್ಮನಿಗೆ ಆಗುತ್ತಾ?

ಕೆಂಪು ವಜ್ರ ಉತ್ತರ:

ಬಸ್ ಇದೆ. ಅಲ್ಲಿ ಚಾರಣಿಗರಿಗಾಗಿಯೇ ವಾಂಡರ್‌ಬುಸ್ ಬಿಡುತ್ತಾರೆ, ಬೆಚ್ಚಗಿನ ತಿಂಗಳುಗಳಲ್ಲಿ ಮಾತ್ರ. ಬೇರೆ ಹಳ್ಳಿ ಬಸ್ಸುಗಳ ಲೆಕ್ಕ ಇಲ್ಲಿ ತಿರುಗುಮುರುಗು, ವಾರಾಂತ್ಯ ಮತ್ತು ರಜಾದಿನಗಳಲ್ಲೇ ಅನುಕೂಲ ಜಾಸ್ತಿ. ರೈಲಲ್ಲಿ ಲ್ಯೋಫಿಂಗನ್‌ಗೆ ಹೋಗಿ, ಅಲ್ಲಿಂದ ಬಸ್ಸಲ್ಲಿ ಶಾಟನ್‌ಮ್ಯೂಲೆಗೆ, ಅಲ್ಲಿಂದ ನದಿ ಜೊತೆ ವೂಟಾಖ್‌ಮ್ಯೂಲೆವರೆಗೆ ಸುಮಾರು 13 ಕಿಮೀ ನಡೆದು ಮತ್ತೆ ಬಸ್.

ಆದರೆ ಅಮ್ಮನ ಜೊತೆ ಪೂರ್ತಿ ದಾರಿ ಬೇಡ ಅಂತಲೇ ಹೇಳುತ್ತೇನೆ. ದೂರ ಜಾಸ್ತಿ, ಕೆಲವು ಕಡೆ ದಾರಿ ಕಿರಿದು, ಒಂದು ಪಕ್ಕ ಬಂಡೆ ಇನ್ನೊಂದು ಪಕ್ಕ ಇಳಿಜಾರು. ಮಳೆ ಬಂದ ಮೇಲೆ ಬೇರುಗಳ ಮೇಲೆ ಕಾಲು ಜಾರುತ್ತದೆ. ನಡುವೆ ಬಿಟ್ಟು ಹೊರಗೆ ಬರೋಣ ಅಂದರೂ ಸುಲಭ ಅಲ್ಲ, ಫೆಲ್ಡ್‌ಬೆರ್ಗ್ ಕಡೆಯ ಹಾಗೆ ಪಕ್ಕದಲ್ಲೇ ರೈಲು ಇರುವುದಿಲ್ಲ. ಮಣ್ಣು ಕುಸಿದು ಕೆಲವು ಭಾಗ ಮುಚ್ಚಿರುವುದೂ ಉಂಟು, ಹೋಗುವ ಮೊದಲು ವಿಚಾರಿಸಿ. ನೀವಿಬ್ಬರು ಒಂದು ದಿನ ಹೋಗಿ ಬನ್ನಿ, ಅಮ್ಮ ಆ ದಿನ ಊರಲ್ಲೇ ವಿಶ್ರಾಂತಿ ತೆಗೆದುಕೊಳ್ಳಲಿ. ಮೂವರೂ ಹೋಗಲೇಬೇಕು ಅಂದರೆ ಶಾಟನ್‌ಮ್ಯೂಲೆ ಹತ್ತಿರವೇ ಲೋಟನ್‌ಬಾಖ್ ಅನ್ನುವ ಸಣ್ಣ ಕಮರಿ ಇದೆ, ಮೆಟ್ಟಿಲು, ಮರದ ಸೇತುವೆಗಳ ದಾರಿ. ಅಮ್ಮನಿಗೆ ಎಷ್ಟು ಆಗುತ್ತದೋ ಅಷ್ಟು ನೋಡಿ ತಿರುಗಿ ಬಂದು ಅದೇ ನಿಲುಗಡೆಯಲ್ಲಿ ಬಸ್ ಹತ್ತಬಹುದು.

ಇನ್ನೊಂದು ಮಾತು, ಉಣ್ಣಿ. ಆ ಕಾಡುಗಳಲ್ಲಿ ಸೆಪ್ಟೆಂಬರ್‌ನಲ್ಲೂ ಇರುತ್ತವೆ, ರೋಗ ಹರಡುತ್ತವೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಂಡು ನಡೆಯಿರಿ, ರಾತ್ರಿ ಮೊಣಕಾಲ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಮಿದುಳಿಗೆ ಬರುವ ಎಫ್‌ಎಸ್‌ಎಂಇ ಜ್ವರಕ್ಕೆ ಲಸಿಕೆ ಇದೆ, ಒಂದಕ್ಕಿಂತ ಹೆಚ್ಚು ಡೋಸ್ ಬೇಕಾಗುತ್ತದೆ, ಹಾಗಾಗಿ ಡಾಕ್ಟರ ಹತ್ತಿರ ಈಗಲೇ ಕೇಳಿ.