ಸಹಾಯ ಬೇಕು: ಐಫೋನ್ 7ರ ತಳದ ಸ್ಕ್ರೂ ತಲೆ ಸವೆದುಹೋಗಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನ ಹಳೇ ಐಫೋನ್ 7ರ ಬ್ಯಾಟರಿಗೆ ವಯಸ್ಸಾಗಿದೆ. ನಾನೇ ಬದಲಿಸೋಣ ಅಂತ ಕೂತೆ. ಹೊಸ ಬ್ಯಾಟರಿ ಮೇಜಿನ ಮೇಲಿದೆ, ಫೋನ್ ಮಾತ್ರ ಬಿಚ್ಚಲು ಬರುತ್ತಿಲ್ಲ.

ಚಾರ್ಜರ್ ಚುಚ್ಚುವ ಜಾಗದ ಎರಡೂ ಪಕ್ಕ ಒಂದೊಂದು ಸ್ಕ್ರೂ ಇದೆ. ತಲೆ ಪ್ಲಸ್ ಅಲ್ಲ, ಐದು ಎಸಳಿನ ಪುಟ್ಟ ಹೂವಿನ ಹಾಗಿದೆ. ಪೆಂಟಲೋಬ್ ಅಂತ ಹೆಸರು. ಅದು ಗೊತ್ತಾಗಿದ್ದು ಆಮೇಲೆ. ಮೊದಲು ಮನೆಯಲ್ಲಿದ್ದ ಆರು ಮೂಲೆಯ ಟಾರ್ಕ್ಸ್ ಬಿಟ್ ಒತ್ತಿ ತಿರುಗಿಸಿಬಿಟ್ಟೆ. ಎಡಗಡೆಯ ಸ್ಕ್ರೂವಿನ ಎಸಳೆಲ್ಲ ಸವೆದು ಗುಂಡಗಾಯಿತು. ತಪ್ಪು ನನ್ನದೇ ಬಿಡಿ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸಿದರೂ ಸುಮ್ನೆ ಜಾರುತ್ತಿದೆ.

(2010ರಲ್ಲಿ ಐಫೋನ್ 4 ಬಂದಾಗ ಮಾಮೂಲಿ ಪ್ಲಸ್ ಸ್ಕ್ರೂ ಇತ್ತು. ಈ ಹೂವು ಬಂದಿದ್ದು ಆಮೇಲೆ. ಪ್ಲಸ್ ಇದ್ದಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ ಅಲ್ವಾ!)

ಸವೆದ ಸ್ಕ್ರೂವನ್ನು ಡ್ರಿಲ್ ಇಲ್ಲದೆ ತೆಗೆದವರು ಯಾರಾದರೂ ಇದ್ದೀರಾ? ಒಳಗೆ ಬ್ಯಾಟರಿ ಇದೆ, ಡ್ರಿಲ್ ಅಂದರೆ ಭಯ. ಸ್ಕ್ರೂ ತಲೆಗೆ ಸೂಪರ್ ಗ್ಲೂ ಹಾಕಿ ಬಿಟ್ ಅಂಟಿಸಿದರೆ ಬರುತ್ತೆ ಅಂತಾರೆ, ನಿಜವಾ?

ಇನ್ನೊಂದು ವಿಷಯ. 0.8 ಮಿ.ಮೀ.ನ ಪಿ2 ಪೆಂಟಲೋಬ್ ಡ್ರೈವರ್ ಬೇಕು. ಒಳಗಿನ ಕೆಲವು ಸ್ಕ್ರೂಗಳಿಗೆ ಮೂರು ಕಾಲಿನ ವೈ000 ಬಿಟ್ ಕೂಡ ಬೇಕಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆರಡೇ ಬಿಡಿಯಾಗಿ ಸಿಗುತ್ತವೆಯೇ? ಅಗ್ಗದ ಸೆಟ್‌ನ ತುದಿ ಬೇಗ ಸವೆಯುತ್ತೆ, ಅದು ಬೇಡ. ಹೊಸ ತಳದ ಸ್ಕ್ರೂ ಒಂದು ಜೊತೆ ಸಿಕ್ಕರೆ ಅದನ್ನೂ ತರುತ್ತೇನೆ. ಶನಿವಾರ ಆ ಕಡೆ ಹೋಗುತ್ತಿದ್ದೇನೆ, ಅಷ್ಟರೊಳಗೆ ಹೇಳಿದರೆ ಉಪಕಾರವಾಗುತ್ತದೆ.