ಹಲಸಿನ ಮರದ ನೆರಳಲ್ಲಿ ಬೇಲಿ ಸಾಲಿಗೆ ಯಾವ ಗಿಡ ಹಾಕಬಹುದು?

ಶಿರಸಿ ಹಿತ್ತಿಲು
ನಮಸ್ಕಾರ ಎಲ್ಲರಿಗೂ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹಿತ್ತಿಲಿನ ಬಡಗು ಬದಿಗೆ ತಂತಿ ಬೇಲಿ ಇದೆ, ಅದಕ್ಕೆ ತಾಗಿಯೇ ಎರಡು ದೊಡ್ಡ ಹಲಸಿನ ಮರ, ಆಚೆ ಅಡಿಕೆ ತೋಟ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಸಿಲು ಬೀಳುತ್ತದೆ, ಅಷ್ಟೇ. ಅತ್ತೆ ಹಿಂದೆ ನೆಟ್ಟ ದಾಸವಾಳ ಬರೀ ಉದ್ದಕ್ಕೆ ಬೆಳೆದಿದೆ, ಹೂವೇ ಇಲ್ಲ. ಕಾಲುದಾರಿಯಿಂದ ಹಿತ್ತಿಲು ಕಾಣದ ಹಾಗೆ ಎದೆಯೆತ್ತರದ ಹಸಿರು ಬೇಕು. ದನ ಬಾಯಿ ಹಾಕಬಾರದು. ಬೇಸಿಗೆಯಲ್ಲಿ ದಿನಾ ಹನಿಸುವಷ್ಟು ನೀರು ಬಾವಿಯಲ್ಲಿ ಇರುವುದಿಲ್ಲ.

ಸಿದ್ದಾಪುರದ ತೋಟಿಗ
ಆಡುಸೋಗೆ ಹಾಕಿ. ನೀವು ಹೇಳಿದ ಜಾಗಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎಲೆ ಕಹಿ, ದನ ಬಿಡಿ, ಆಡೂ ಮುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ಬಲಿತ ಟೊಂಗೆಯಿಂದ ಗೇಣುದ್ದದ ತುಂಡು ಮಾಡಿ, ಎರಡು ಗಣ್ಣು ಮಣ್ಣೊಳಗೆ ಹೋಗುವ ಹಾಗೆ ಸ್ವಲ್ಪ ಓರೆಯಾಗಿ ಊರಿ, ಒಂದೂವರೆ ಅಡಿಗೆ ಒಂದರಂತೆ. ಒಂದೇ ಸಾಲು ಬೇಡ, ಎರಡು ಸಾಲು ಮಾಡಿ, ಹಿಂದಿನ ಸಾಲಿನ ಗಿಡ ಮುಂದಿನದರ ಸಂದಿಗೆ ಬರಲಿ. ಮೊಣಕಾಲು ದಾಟಿದ ಕೂಡಲೇ ತುದಿ ಚಿವುಟಿ, ಇಲ್ಲದಿದ್ದರೆ ನೆರಳಲ್ಲಿ ಬುಡ ಬೋಳಾಗಿ ಮೇಲೆ ಮಾತ್ರ ಎಲೆ ಇರುತ್ತದೆ. ಬಿಸಿಲಿನಲ್ಲಿ ಬರುವಷ್ಟು ದಟ್ಟ ಇಲ್ಲಿ ಬರುವುದಿಲ್ಲ, ಆದರೆ ಮರೆ ಆಗುತ್ತದೆ. ಉದ್ದಕ್ಕೆ ಅಗಳ ತೋಡಬೇಡಿ, ಹಲಸಿನ ಬೇರು ಕಡಿದುಹೋಗುತ್ತದೆ. ಗಿಡ ಗಿಡಕ್ಕೆ ಸಣ್ಣ ಗುಂಡಿ ಸಾಕು. ಬಿದ್ದ ದರಕು, ಅಂದರೆ ಒಣಗಿದ ಎಲೆ, ಗುಡಿಸಿ ಸುಡಬೇಡಿ, ಅಲ್ಲೇ ಬುಡಕ್ಕೆ ಹಾಕಿ. ಬೇಸಿಗೆ ದಾಟಿಸುವುದು ಅದೇ.

ಹೊನ್ನಾವರದ ಅಕ್ಕ
ಆಡುಸೋಗೆ ಸರಿ. ಅದರ ಒಳಬದಿಗೆ ಅಡುಗೆಗೆ ಆಗುವಂಥದ್ದು ಯಾಕೆ ಹಾಕಬಾರದು? ಅರಿಶಿನ ಇಂಥ ನೆರಳಿಗೆ ಹೊಂದುತ್ತದೆ. ಗೆಡ್ಡೆ ಸ್ವಲ್ಪ ಕಡಿಮೆ ಬರಬಹುದು, ಆದರೆ ನಾಗರಪಂಚಮಿ ಹೊತ್ತಿಗೆ ಕಡುಬಿಗೆ ಬೇಕಾದಷ್ಟು ಎಲೆ ಸಿಗುತ್ತದೆ. ಮರೆಗೆ ಮಾತ್ರ ಅದನ್ನು ನಂಬಬೇಡಿ, ಜನವರಿ ಸುಮಾರಿಗೆ ಎಲೆ ಒಣಗಿ ಮಲಗುತ್ತದೆ, ಜಾಗ ಬೋಳು. ಚಕ್ರಮುನಿ ಸೊಪ್ಪೂ ಅರೆನೆರಳಿಗೆ ಆಗುತ್ತದೆ, ಕಡ್ಡಿ ಊರಿದರೆ ಸಾಕು. ಬೇಯಿಸಿ ತಿನ್ನಿ. 1990ರ ದಶಕದಲ್ಲಿ ತೈವಾನಿನಲ್ಲಿ ಸಣ್ಣಗಾಗಲು ಅಂತ ದಿನಾ ಇದರ ಹಸಿ ರಸ ಕುಡಿದವರಿಗೆ ಶ್ವಾಸಕೋಶವೇ ಕೆಟ್ಟಿತ್ತು. ಅಪರೂಪಕ್ಕೆ ತಂಬುಳಿ, ಪಲ್ಯ ಮಾಡುವವರು ಹೆದರಬೇಕಾಗಿಲ್ಲ.

ಕಾರವಾರ ಕಡಲಬದಿ
ಕೆಸು ಯಾರೂ ಹೇಳಲಿಲ್ಲವಲ್ಲ. ನೆರಳು, ತೇವ ಎರಡೂ ಅದಕ್ಕೆ ಇಷ್ಟ, ಮಾಡಿನ ನೀರು ಬೀಳುವ ಕಡೆ ಹಾಕಿ.

ಸಿದ್ದಾಪುರದ ತೋಟಿಗ
ಕಾಡುಹಂದಿ ಬರುವ ಊರಾದರೆ ಕೆಸು, ಸುವರ್ಣಗೆಡ್ಡೆ ಬೇಲಿ ಬುಡಕ್ಕೆ ಬೇಡ. ಗೆಡ್ಡೆ ಹುಡುಕಿಕೊಂಡು ಒಂದೇ ರಾತ್ರಿಗೆ ಪೂರ್ತಿ ಸಾಲು ಮಗುಚಿ ಹಾಕುತ್ತವೆ, ಜೊತೆಗೆ ನೆಟ್ಟ ಆಡುಸೋಗೆಯೂ ಹೋಗುತ್ತದೆ. ಮನೆ ಹತ್ತಿರ ಹಾಕಿಕೊಳ್ಳಿ.

ಶಿರಸಿ ಹಿತ್ತಿಲು
ಹಂದಿ ಬರುತ್ತವೆ, ಹಾಗಾಗಿ ಕೆಸು ಬಚ್ಚಲಿನ ಹಿಂದೆಯೇ ಇರಲಿ. ಆಡುಸೋಗೆ ಪಕ್ಕದ ಮನೆಯಲ್ಲೇ ಇದೆ, ಕಡ್ಡಿ ಕೇಳುತ್ತೇನೆ. ಇನ್ನೊಂದು ವಿಷಯ, ಹಲಸಿನ ಮರಕ್ಕೆ ಕಾಳುಮೆಣಸು ಹಬ್ಬಿಸಬಹುದಾ? ಪಣಿಯೂರು 1 ತಳಿಯ ಬಳ್ಳಿ ಕೊಡುತ್ತೇನೆ ಅಂತ ಒಬ್ಬರು ಹೇಳಿದ್ದಾರೆ.

ಹೊನ್ನಾವರದ ಅಕ್ಕ
ಹಬ್ಬಿಸಿ, ಹಲಸಿನ ತೊಗಟೆ ಒರಟು, ಬಳ್ಳಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಪಣಿಯೂರು 1ಕ್ಕೆ ಬೆಳಕು ಬೇಕು, ಗಾಢ ನೆರಳಲ್ಲಿ ಕಾಳು ಕಟ್ಟುವುದು ಕಡಿಮೆ. ಪಣಿಯೂರು 5 ಸಿಕ್ಕರೆ ಅದನ್ನೇ ತನ್ನಿ, ಅದು ನೆರಳು ತಡೆಯುತ್ತದೆ. ಮಳೆಗೆ ಮೊದಲು ಹಲಸಿನ ಕೆಳಗಿನ ಒಂದೆರಡು ಟೊಂಗೆಯನ್ನೂ ಸವರಿಸಿ.